ಥೇಮ್ಸ್ ದಡದ ಸಂತೆ ಊರುಗಳು: ಒಂದೇ ದಿನ ಬಿಡುವಿದ್ದರೆ ಯಾವುದಕ್ಕೆ ಹೋಗೋದು?

ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಲಂಡನ್ ಐ, ಟವರ್ ಬ್ರಿಡ್ಜ್, ಅರಮನೆ ಎಲ್ಲ ಮುಗಿದಿರುತ್ತದೆ. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ಮುಂದೆ ಫೋಟೋನೂ ಆಗಿರುತ್ತದೆ. ಮುಂದಿನ ವಾರ ಎಲ್ಲಿಗೆ ಅನ್ನುವ ಪ್ರಶ್ನೆ ಬಂದಾಗ ಹೆಚ್ಚಿನವರು ವಿಂಡ್ಸರ್‌ಗೋ ಬಾತ್‌ಗೋ ಹೊರಡುತ್ತಾರೆ. ಅಲ್ಲಿ ಜನಜಂಗುಳಿ, ಟಿಕೆಟ್ಟಿಗೂ ಕೈತುಂಬ ಖರ್ಚು. ಇಂಗ್ಲೆಂಡಿನ ಒಂದು ಸಾಮಾನ್ಯ ಹಳೇ ಊರು ಹೇಗಿರುತ್ತದೆ ಅಂತ ನೋಡಬೇಕು ಅನ್ನುವವರಿಗೆ ಅದೇ ಥೇಮ್ಸ್ ದಡದಲ್ಲೇ ಒಳ್ಳೊಳ್ಳೆ ಸಂತೆ ಊರುಗಳಿವೆ. ಬೆಳಿಗ್ಗೆ ಲಂಡನ್ ಬಿಟ್ಟು ರಾತ್ರಿ ಊಟಕ್ಕೆ ಮನೆ ಸೇರಬಹುದು.

ಇಲ್ಲಿ ನಾಲ್ಕನ್ನು ಹೋಲಿಸುತ್ತೇನೆ. ನದಿ ಹರಿಯುವ ದಾರಿಯಲ್ಲೇ ಹೇಳುವುದಾದರೆ ಮೊದಲು ಅಬಿಂಗ್ಡನ್, ಆಮೇಲೆ ವಾಲಿಂಗ್‌ಫರ್ಡ್, ಹೆನ್ಲಿ, ಕೊನೆಗೆ ಲಂಡನ್ನಿನ ಅಂಚಿನಲ್ಲಿರುವ ಕಿಂಗ್‌ಸ್ಟನ್. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವಾಲಿಂಗ್‌ಫರ್ಡ್‌ಗೆ. ಹಾಗಂತ ಎಲ್ಲರನ್ನೂ ಅಲ್ಲಿಗೆ ಕಳಿಸುವುದಿಲ್ಲ. ಮಂಡಿನೋವು ಇರುವವರನ್ನು, ತಳ್ಳುಗಾಡಿಯಲ್ಲಿ ಮಗು ಇರುವವರನ್ನು ಅಲ್ಲಿಗೆ ಕಳಿಸಿದರೆ ಬೈಸಿಕೊಳ್ಳಬೇಕಾಗುತ್ತದೆ.

ಮೊದಲು ಸಂತೆ ದಿನ ನೋಡಿ

ಸಂತೆ ಊರಿಗೆ ಸಂತೆ ಇಲ್ಲದ ದಿನ ಹೋದರೆ ಅರ್ಧ ಮಜಾ ಹೋದ ಹಾಗೆ. ಹೆನ್ಲಿಯಲ್ಲಿ ಗುರುವಾರ, ವಾಲಿಂಗ್‌ಫರ್ಡ್‌ನಲ್ಲಿ ಶುಕ್ರವಾರ, ಅಬಿಂಗ್ಡನ್‌ನಲ್ಲಿ ಸೋಮವಾರ. ಕಿಂಗ್‌ಸ್ಟನ್‌ನ ಹಳೇ ಮಾರುಕಟ್ಟೆ ಚೌಕದಲ್ಲಿ ವಾರದ ಎಲ್ಲ ದಿನವೂ ಅಂಗಡಿ ಇರುತ್ತವೆ. ಆಫೀಸಿಗೆ ಹೋಗುವವರಿಗೆ ಇದೇ ಮೊದಲ ತೊಡಕು. ಶನಿವಾರ ಭಾನುವಾರ ಮಾತ್ರ ಬಿಡುವು, ಸಂತೆನೂ ಬೇಕು ಅಂದರೆ ಕಿಂಗ್‌ಸ್ಟನ್ನೇ ಗತಿ. ಒಂದು ದಿನ ರಜೆ ಹಾಕಲು ಆಗುವುದಾದರೆ ಶುಕ್ರವಾರ ಹಾಕಿ.

ನಮ್ಮ ಕಡೆಯ ಸಂತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತ್ರ ಹೋಗಬೇಡಿ. ಕೂಗಾಟ ಇಲ್ಲ, ಚೌಕಾಸಿ ಇಲ್ಲ. ಚೌಕದಲ್ಲಿ ಕೆಲವು ಗುಡಾರ ಹಾಕಿರುತ್ತಾರೆ. ತರಕಾರಿ, ಬ್ರೆಡ್ಡು, ಚೀಸು, ಹೂವಿನ ಗಿಡ, ಒಂದು ಮೀನಿನ ವ್ಯಾನು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಒಬ್ಬೊಬ್ಬರೇ ಗಂಟು ಕಟ್ಟಲು ಶುರು. ಹನ್ನೊಂದು ಗಂಟೆ ಒಳಗೆ ಊರು ಮುಟ್ಟಿದರೆ ಒಳ್ಳೆಯದು.

ಸೇತುವೆ ಎಲ್ಲೋ ವ್ಯಾಪಾರ ಅಲ್ಲಿ

ಈ ಊರುಗಳ ಹಣೆಬರಹ ಬರೆದದ್ದು ಸೇತುವೆಗಳು. ನದಿ ದಾಟಲು ಎಲ್ಲಿ ಅನುಕೂಲವೋ ಅಲ್ಲಿ ದಾರಿ ಕೂಡುತ್ತಿತ್ತು, ದಾರಿ ಕೂಡಿದಲ್ಲಿ ಸಂತೆ ಸೇರುತ್ತಿತ್ತು. 1729ರಲ್ಲಿ ಪಟ್ನಿ ಸೇತುವೆ ಆಗುವವರೆಗೂ ಲಂಡನ್ ಬ್ರಿಡ್ಜ್ ಬಿಟ್ಟರೆ ಮೇಲಕ್ಕೆ ಮುಂದಿನ ಸೇತುವೆ ಇದ್ದದ್ದು ಕಿಂಗ್‌ಸ್ಟನ್‌ನಲ್ಲೇ. ಊರು ಬೆಳೆಯದೆ ಇನ್ನೇನು? ಮೇಲೆ ಆಕ್ಸ್‌ಫರ್ಡ್ ಸೀಮೆಯಲ್ಲಿ ವಾಲಿಂಗ್‌ಫರ್ಡ್ ದೊಡ್ಡ ಊರಾಗಿ ಮೆರೆಯುತ್ತಿತ್ತು. 1416ರಲ್ಲಿ ಅಬಿಂಗ್ಡನ್‌ನವರು ತಮ್ಮ ಸೇತುವೆ ಕಟ್ಟಿದರು. ಲಂಡನ್ನಿನಿಂದ ಗ್ಲಾಸ್ಟರ್ ಕಡೆಗೆ ಹೋಗುವ ಗಾಡಿಗಳೆಲ್ಲ ಆ ಕಡೆ ತಿರುಗಿದವು, ವಾಲಿಂಗ್‌ಫರ್ಡ್ ಸೊರಗಿತು. ಮುಂದೆ ಅಬಿಂಗ್ಡನ್‌ಗೂ ಇದೇ ಪಾಡು. ದೊಡ್ಡ ರೈಲು ಮಾರ್ಗ ಊರನ್ನು ತಪ್ಪಿಸಿ ಹೋಯಿತು, ರೆಡಿಂಗ್ ಬೆಳೆಯಿತು, ಬರ್ಕ್‌ಶೈರ್ ಜಿಲ್ಲೆಯ ಮುಖ್ಯ ಪಟ್ಟಣ ಅನ್ನುವ ಪಟ್ಟವೂ 1867ರಲ್ಲಿ ಅಬಿಂಗ್ಡನ್‌ನಿಂದ ರೆಡಿಂಗ್‌ಗೆ ಹೋಯಿತು.

ನೋಡಲು ಹೋಗುವ ನಮಗೆ ಇದರಲ್ಲಿ ಲಾಭವೇ ಜಾಸ್ತಿ. ವ್ಯಾಪಾರ ಕಳೆದುಕೊಂಡ ಊರಿನಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಹತ್ತಿರ ದುಡ್ಡಿತ್ತು? ಹಾಗಾಗಿ ಉಳಿಯಿತು. ಗೆದ್ದ ಊರಿನಲ್ಲಿ ಶಾಪಿಂಗ್ ಮಾಲ್ ಎದ್ದಿದೆ.

ಹೆನ್ಲಿ: ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ಹೋಗಿ ಬರುವುದು ಸುಲಭ. ಪ್ಯಾಡಿಂಗ್ಟನ್‌ನಿಂದ ರೈಲು ಹತ್ತಿ ಟ್ವೈಫರ್ಡ್‌ನಲ್ಲಿ ಇಳಿಯಿರಿ. ಅಲ್ಲಿಂದ ಹೆನ್ಲಿಗೆ ಪುಟ್ಟ ರೈಲು, ಹನ್ನೆರಡು ನಿಮಿಷದ ದಾರಿ. ಟ್ವೈಫರ್ಡ್ ತನಕ ಎಲಿಜಬೆತ್ ಲೈನಿನಲ್ಲೂ ಬರಬಹುದು. ಆ ಪುಟ್ಟ ರೈಲು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲೇ ಕೂತು ಕಾಯಬೇಕಾಗುತ್ತದೆ, ಹಾಗಾಗಿ ಸಮಯ ಕೂಡಿಸಿಕೊಂಡು ಹೊರಡಿ.

ಸ್ಟೇಷನ್ನಿನಿಂದ ನದಿ ನಾಲ್ಕು ಹೆಜ್ಜೆ. ದಡದಲ್ಲಿ ಮಿಲ್ ಮೆಡೋಸ್ ಅನ್ನುವ ದೊಡ್ಡ ಹುಲ್ಲುಗಾವಲಿದೆ. ಸಮತಟ್ಟಾದ ದಾರಿ, ಕೂರಲು ಬೆಂಚು, ಮಕ್ಕಳಿಗೆ ಜೋಕಾಲಿ, ನೀರಲ್ಲಿ ಹಂಸಗಳು. ವಯಸ್ಸಾದವರಿಗೆ ಇಷ್ಟಿದ್ದರೆ ಸಾಕು. ಪುಳಿಯೋಗರೆ ಮೊಸರನ್ನದ ಡಬ್ಬಿ ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ, ಬಾತುಕೋಳಿಗಳು ಮಾತ್ರ ಹತ್ತಿರ ಬರುತ್ತವೆ.

ಸೇತುವೆ 1786ರದ್ದು, ಐದು ಕಮಾನು. ಮೇಲೆ ನಡೆದು ದಾಟಿ ಹೋಗಿಬಿಟ್ಟರೆ ಒಳ್ಳೆಯದೊಂದು ತಪ್ಪಿಹೋಗುತ್ತದೆ. ದಡಕ್ಕೆ ಇಳಿದು ನಡುವಿನ ಕಮಾನಿನ ನೆತ್ತಿಯ ಕಲ್ಲು ನೋಡಿ. ಒಂದು ಮಗ್ಗುಲಲ್ಲಿ ಗಡ್ಡದ ಮುಖ, ಅದು ಥೇಮ್ಸ್. ಇನ್ನೊಂದು ಮಗ್ಗುಲಲ್ಲಿ ಹೆಣ್ಣಿನ ಮುಖ, ಅದು ಐಸಿಸ್. ಆಕ್ಸ್‌ಫರ್ಡ್ ಕಡೆ ಇದೇ ನದಿಯನ್ನು ಆ ಹೆಸರಿನಿಂದ ಕರೆಯುತ್ತಾರೆ. ಕೆತ್ತಿದ್ದು ಆನ್ ಸೀಮೋರ್ ಡೇಮರ್ ಅನ್ನುವ ಹೆಣ್ಣುಮಗಳು. ಹದಿನೆಂಟನೇ ಶತಮಾನದಲ್ಲಿ ಹೆಂಗಸೊಬ್ಬಳು ಉಳಿ ಹಿಡಿದು ಶಿಲ್ಪಿ ಅನ್ನಿಸಿಕೊಂಡದ್ದು ಸಣ್ಣ ಮಾತಲ್ಲ.

ಜುಲೈ ಮೊದಲ ದಿನಗಳಲ್ಲಿ ಇಲ್ಲಿ ರಾಯಲ್ ರಿಗ್ಯಾಟಾ ದೋಣಿ ಪಂದ್ಯ. 1839ರಿಂದ ನಡೆಯುತ್ತಿದೆ. ಆ ವಾರ ಹೋದರೆ ಪಂದ್ಯ ನೋಡಲು ಅಂತಲೇ ಹೋಗಿ. ಎದುರು ದಡದ ಕಾಲುದಾರಿಯಲ್ಲಿ ನಿಂತು ಪುಕ್ಕಟೆ ನೋಡಬಹುದು. ಊರು ನೋಡುವ ಆಸೆ ಇದ್ದರೆ ಮಾತ್ರ ಆ ವಾರ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಇನ್ನೊಂದು ಮಾತು: ಹಳೇ ಗೈಡ್‌ಗಳಲ್ಲಿ ಇಲ್ಲಿಯ ನದಿ ಮತ್ತು ದೋಣಿ ಮ್ಯೂಸಿಯಂ ಹೆಸರು ಮೊದಲು ಬರುತ್ತದೆ. 1998ರಲ್ಲಿ ತೆರೆದಿದ್ದ ಅದು 2025ರಲ್ಲಿ ಮುಚ್ಚಿತು. ಮಳೆ ಬಂದರೆ ಒಳಗೆ ಕೂರಬಹುದಲ್ಲ ಅಂತ ಅದನ್ನು ನಂಬಿಕೊಂಡು ಹೋಗಬೇಡಿ.

ಹೆನ್ಲಿಯ ದೊಡ್ಡ ಕೊರತೆ ದುಡ್ಡು. ಸಾಹುಕಾರರ ಊರು ಅದು. ಚಹಾ, ಕೇಕು, ಬಾಡಿಗೆ ದೋಣಿ, ಯಾವುದೂ ಅಗ್ಗ ಅಲ್ಲ.

ಕಾರಿನಲ್ಲಿ ಹೋಗುವವರಿಗೆ ಒಂದು ಗುಟ್ಟು. ಹೆನ್ಲಿಗೂ ವಾಲಿಂಗ್‌ಫರ್ಡ್‌ಗೂ ನಡುವೆ ಗುಡ್ಡದ ಮೇಲೆ ಸ್ಟೋಕ್ ರೋ ಅನ್ನುವ ಹಳ್ಳಿ ಇದೆ. ಅಲ್ಲಿ ಗುಮ್ಮಟ ಕಟ್ಟಿದ ಒಂದು ಬಾವಿ. ಕಟ್ಟಿಸಿಕೊಟ್ಟದ್ದು ನಮ್ಮ ಕಾಶಿಯ ಮಹಾರಾಜರು, ಈಶ್ವರೀ ಪ್ರಸಾದ್ ನಾರಾಯಣ ಸಿಂಗ್. ಆ ಕಡೆಯವನೇ ಆದ ಎಡ್ವರ್ಡ್ ರೀಡ್ ಅನ್ನುವ ಅಧಿಕಾರಿ ಉತ್ತರ ಭಾರತದಲ್ಲಿ ಕೆಲಸ ಮಾಡಿದ್ದ. ತನ್ನ ಊರ ಕಡೆ ಗುಡ್ಡದ ಜನರಿಗೆ ಕುಡಿಯುವ ನೀರಿಗೂ ಕಷ್ಟ ಅಂತ ಅವನು ಹೇಳಿದ್ದು ರಾಜರ ನೆನಪಿನಲ್ಲಿ ಉಳಿಯಿತು. 368 ಅಡಿ ಆಳ, ಅಗಲ ಬರೀ 4 ಅಡಿ, ಪೂರ್ತಿ ಕೈಯಲ್ಲೇ ತೋಡಿದ್ದು. 1864ರಲ್ಲಿ ಊರಿಗೆ ಬಿಟ್ಟುಕೊಟ್ಟರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ತಲೆಕೆಳಗಾಗಿ ಇಳಿಸಿದರೂ ತಳ ಮುಟ್ಟದು. ಬ್ರಿಟಿಷರ ಕಾಲದಲ್ಲಿ ಇಂಡಿಯಾದಿಂದ ಇಂಗ್ಲೆಂಡಿಗೆ ದಾನ! ಅಪ್ಪನಂಥವರಿಗೆ ಇದನ್ನು ತೋರಿಸಿ, ಊರಿಗೆ ಹೋದ ಮೇಲೂ ಹೇಳಿಕೊಂಡು ತಿರುಗುತ್ತಾರೆ.

ಅಬಿಂಗ್ಡನ್: ಕಟ್ಟಡ ನೋಡುವ ಹುಚ್ಚಿದ್ದರೆ

ಇಲ್ಲಿಗೆ ರೈಲೇ ಇಲ್ಲ. ಇದ್ದ ಕವಲು ದಾರಿಯಲ್ಲಿ ಜನರ ರೈಲು 1963ರಲ್ಲೇ ನಿಂತುಹೋಯಿತು. ಆಕ್ಸ್‌ಫರ್ಡ್‌ಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬೇಕು, ಸುಮಾರು ಅರ್ಧ ಗಂಟೆ. ಹಾಗಾದರೆ ಆಕ್ಸ್‌ಫರ್ಡನ್ನೂ ಜೊತೆಗೇ ಮುಗಿಸೋಣ ಅಂತ ಅನಿಸುತ್ತದೆ. ಬೇಡ. ಆಕ್ಸ್‌ಫರ್ಡ್ ಇಡೀ ದಿನ ನುಂಗುತ್ತದೆ, ಅಬಿಂಗ್ಡನ್ ತಲುಪುವ ಹೊತ್ತಿಗೆ ಅಂಗಡಿ ಬಾಗಿಲು ಹಾಕಿರುತ್ತಾರೆ. ಬೇಸಿಗೆಯಲ್ಲಾದರೆ ಎರಡೂ ಊರಿನ ನಡುವೆ ಸಾಲ್ಟರ್ಸ್‌ನವರ ದೋಣಿ ಓಡುತ್ತದೆ. ನಿಧಾನ, ಆದರೆ ಸೊಗಸು.

ನೋಡಬೇಕಾದದ್ದು ಚೌಕದ ನಡುವಿನ ಕೌಂಟಿ ಹಾಲ್. 1678ರಿಂದ 1682ರವರೆಗೆ ಕಟ್ಟಿದ್ದು. ಕೆಳಗೆ ನಾಲ್ಕೂ ಕಡೆ ತೆರೆದ ಕಮಾನುಗಳ ಮಂಟಪ, ಅದು ಸಂತೆಗೆ. ಮೇಲೆ ನ್ಯಾಯಾಲಯದ ಸಭಾಂಗಣ. ಈಗ ಅದೇ ಮ್ಯೂಸಿಯಂ. ಈ ಊರಿನವರಿಗೆ ಒಂದು ಚೆಂದದ ಪದ್ಧತಿ ಇದೆ. ಅರಮನೆಯಲ್ಲಿ ಪಟ್ಟಾಭಿಷೇಕವೋ ಮದುವೆಯೋ ಆದಾಗ ಊರಿನ ದೊಡ್ಡವರು ಈ ಕಟ್ಟಡದ ಮಾಡಿಗೆ ಹತ್ತಿ ಕೆಳಗಿರುವ ಜನರ ಮೇಲೆ ಬನ್ನು ಎಸೆಯುತ್ತಾರೆ. 2023ರಲ್ಲಿ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕಕ್ಕೂ ಎಸೆದರು. ನಮ್ಮ ಜಾತ್ರೆಯಲ್ಲಿ ತೇರಿಗೆ ಬಾಳೆಹಣ್ಣು ಎಸೆಯುತ್ತೇವಲ್ಲ, ಇಲ್ಲಿ ಮೇಲಿಂದ ಕೆಳಕ್ಕೆ ಬರುತ್ತದೆ ಅಷ್ಟೇ. ಹಿಂದಿನ ಕಾಲದ ಬನ್ನುಗಳನ್ನು ಒಣಗಿಸಿ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಜೋಡಿಸಿಟ್ಟಿದ್ದಾರೆ. ಮಕ್ಕಳಿಗೆ ಇದು ಬಹಳ ಇಷ್ಟ. ಸಂತೆ ದಿನವೇ ಮ್ಯೂಸಿಯಂ ತೆರೆದಿರುತ್ತದೆ ಅಂದುಕೊಳ್ಳಬೇಡಿ, ಹೊರಡುವ ಮೊದಲು ನೋಡಿಕೊಳ್ಳಿ.

ಒಂದು ಕಾಲದಲ್ಲಿ ಊರನ್ನು ಆಳುತ್ತಿದ್ದ ದೊಡ್ಡ ಮಠವನ್ನು 1538ರಲ್ಲಿ ಎಂಟನೇ ಹೆನ್ರಿ ಮುಚ್ಚಿಸಿದ. ಈಗ ಆ ಜಾಗದಲ್ಲಿ ತೋಟ. ನದಿಯ ಕಡೆ ಇಳಿದರೆ ಸೇಂಟ್ ಹೆಲೆನ್ಸ್ ಚರ್ಚು, ಐದು ಅಂಕಣ, ಉದ್ದಕ್ಕಿಂತ ಅಗಲವೇ ಜಾಸ್ತಿ. ಪಕ್ಕದಲ್ಲೇ 1446ರ ಹೊತ್ತಿನ ಧರ್ಮಶಾಲೆಯ ಮನೆಗಳ ಸಾಲು, ಉದ್ದಕ್ಕೂ ಮರದ ಮೊಗಸಾಲೆ. ನನಗೆ ಅಬಿಂಗ್ಡನ್‌ನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಮೊಗಸಾಲೆ. ಕಾರಿನ ಹುಚ್ಚಿರುವ ಅಣ್ಣಂದಿರಿಗೆ ಇನ್ನೊಂದು ವಿಷಯ: ಎಂಜಿ ಕಾರುಗಳು 1929ರಿಂದ 1980ರವರೆಗೆ ತಯಾರಾದದ್ದು ಇಲ್ಲೇ.

ಚೌಕದ ಒಂದು ಬದಿಯಲ್ಲಿ ಈಚಿನ ಕಾಲದ ಅಂಗಡಿ ಸಾಲು ಇದೆ. ನೋಡಲು ಚೆನ್ನಾಗಿಲ್ಲ. ಫೋಟೋಗಳಲ್ಲಿ ಅದು ಬರುವುದಿಲ್ಲ, ಹೋದವರಿಗೆ ಕಾಣುತ್ತದೆ.

ವಾಲಿಂಗ್‌ಫರ್ಡ್: ಸೋತ ಊರು, ನನ್ನ ಊರು

ಪ್ಯಾಡಿಂಗ್ಟನ್‌ನಿಂದ ಬಂದು ರೆಡಿಂಗ್ ದಾಟಿದ ಮೇಲೆ ಚೋಲ್ಸಿ ಸ್ಟೇಷನ್. ಅಲ್ಲಿಂದ ಊರಿಗೆ ಸುಮಾರು ಮೂರು ಮೈಲಿ. ಬಸ್ಸಿದೆ, ಆದರೆ ಐದೈದು ನಿಮಿಷಕ್ಕೆ ಬರುವಂಥದ್ದಲ್ಲ. ರೆಡಿಂಗ್‌ನಲ್ಲಿ ಇರುವವರಿಗೆ ನೇರ ಬಸ್ಸೇ ವಾಸಿ, ಊರ ಚೌಕದಲ್ಲೇ ಇಳಿಸುತ್ತದೆ. ಕೆಲವು ವಾರಾಂತ್ಯಗಳಲ್ಲಿ ಚೋಲ್ಸಿಯಿಂದ ವಾಲಿಂಗ್‌ಫರ್ಡ್‌ಗೆ ಹಳೇ ಕಾಲದ ಡಬ್ಬಿಗಳ ರೈಲು ಓಡಿಸುತ್ತಾರೆ. ಊರಿನವರು ಅದಕ್ಕೆ ಬಂಕ್ ಅನ್ನುತ್ತಾರೆ. ಆ ದಿನ ಸಿಕ್ಕಿದರೆ ಬಿಡಬೇಡಿ.

ಇಳಿದು ಮೊದಲು ಕೈನ್‌ಕ್ರಾಫ್ಟ್ ಮೈದಾನಕ್ಕೆ ಹೋಗಿ. ಅಂಚಿನಲ್ಲಿ ಹುಲ್ಲು ಬೆಳೆದ ಉದ್ದನೆಯ ಮಣ್ಣಿನ ದಿಬ್ಬ ಇದೆ. ಹುಡುಗರು ಅದರ ಮೇಲಿಂದ ಉರುಳುತ್ತಿರುತ್ತಾರೆ, ಯಾರೋ ನಾಯಿ ಹಿಡಿದು ಹೋಗುತ್ತಿರುತ್ತಾರೆ. ಸುಮ್ನೆ ಒಂದು ದಿಬ್ಬ ಅನಿಸುತ್ತದೆ. ಅದು ಒಂಬತ್ತನೇ ಶತಮಾನದ ಕೊನೆಯಲ್ಲಿ ಆಲ್ಫ್ರೆಡ್ ದೊರೆಯ ಕಾಲಕ್ಕೆ ವೈಕಿಂಗ್ ದಾಳಿ ತಡೆಯಲು ಹಾಕಿದ ಕೋಟೆ. ಊರಿನ ಮೂರು ಕಡೆ ಮಣ್ಣಿನ ಗೋಡೆ, ನಾಲ್ಕನೇ ಕಡೆ ನದಿ. ಆ ಕಾಲದ ಒಂದು ಪಟ್ಟಿಯಲ್ಲಿ ಯಾವ ಕೋಟೆ ಕಾಯಲು ಎಷ್ಟು ಜಮೀನಿನ ಆಸರೆ ಬೇಕು ಅಂತ ಬರೆದಿದ್ದಾರೆ. ವಾಲಿಂಗ್‌ಫರ್ಡ್‌ಗೆ 2,400 ಹೈಡ್ (ಆಗಿನ ಜಮೀನಿನ ಅಳತೆ), ಹೈಡಿಗೆ ಒಬ್ಬ ಆಳಿನ ಲೆಕ್ಕ. ರಾಜಧಾನಿಯಂತಿದ್ದ ವಿಂಚೆಸ್ಟರ್‌ಗೂ ಅಷ್ಟೇ. ಅಂದರೆ ಎಷ್ಟು ದೊಡ್ಡ ಊರು ಅಂತ ನೀವೇ ಲೆಕ್ಕ ಹಾಕಿ. ದಿಬ್ಬದ ಮೇಲೆ ನಿಂತರೆ ಒಳಗಿನ ಬೀದಿಗಳು ನೇರವಾಗಿ ಒಂದಕ್ಕೊಂದು ಅಡ್ಡ ಹೋಗುವುದು ಗೊತ್ತಾಗುತ್ತದೆ. ಆ ಚೌಕಟ್ಟು ಈಗಲೂ ಬದಲಾಗಿಲ್ಲ.

1066ರಲ್ಲಿ ನಾರ್ಮಂಡಿಯ ವಿಲಿಯಂ ಲಂಡನ್ನಿಗೆ ಹೋಗುವ ಮುಂಚೆ ಸೈನ್ಯ ಕಟ್ಟಿಕೊಂಡು ಥೇಮ್ಸ್ ದಾಟಿದ್ದು ಇಲ್ಲೇ. ಆಮೇಲೆ ಕಲ್ಲಿನ ಕೋಟೆ ಎದ್ದಿತು. ಅದರ ಕತೆ ಕೇಳಬೇಕು. ಒಂದನೇ ಹೆನ್ರಿ ದೊರೆಯ ಮಗಳು ಮಟಿಲ್ಡಾಗೂ ಅವಳ ದಾಯಾದಿ ಸ್ಟೀಫನ್‌ಗೂ ಸಿಂಹಾಸನಕ್ಕಾಗಿ ವರ್ಷಗಟ್ಟಲೆ ಜಗಳ. 1142ರ ಚಳಿಗಾಲದಲ್ಲಿ ಅವಳು ಆಕ್ಸ್‌ಫರ್ಡ್ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದಳು, ಸುತ್ತ ಸ್ಟೀಫನ್ ಸೈನ್ಯ. ಬಿಳಿ ಬಟ್ಟೆ ಹೊದ್ದು, ಹಿಮದ ಮೇಲೆ ಕಣ್ಣಿಗೆ ಬೀಳದ ಹಾಗೆ ನುಸುಳಿ, ಹೆಪ್ಪುಗಟ್ಟಿದ ಹೊಳೆ ದಾಟಿ ಅಬಿಂಗ್ಡನ್‌ವರೆಗೆ ನಡೆದಳಂತೆ, ಅಲ್ಲಿಂದ ಕುದುರೆ ಹತ್ತಿ ವಾಲಿಂಗ್‌ಫರ್ಡ್ ಸೇರಿದಳಂತೆ. ಕೊನೆಗೆ 1153ರಲ್ಲಿ ಇಲ್ಲಿಯೇ ರಾಜಿ ಆಯಿತು. ಸ್ಟೀಫನ್ ಇರುವವರೆಗೂ ಅವನೇ ದೊರೆ, ಆಮೇಲೆ ಮಟಿಲ್ಡಾಳ ಮಗ. ಆ ಮಗ ಎರಡನೇ ಹೆನ್ರಿ ಪಟ್ಟಕ್ಕೆ ಬಂದ ಮೇಲೆ, ತಮ್ಮ ಕಡೆ ನಿಂತ ಊರಿನ ಋಣ ಮರೆಯದೆ 1155ರಲ್ಲಿ ಸನ್ನದು ಕೊಟ್ಟ. ಶುಕ್ರವಾರದ ಸಂತೆಯ ಹಕ್ಕಿಗೆ ಊರಿನವರು ಇವತ್ತಿಗೂ ಬೆರಳು ತೋರಿಸುವುದು ಆ ಸನ್ನದಿನ ಕಡೆಗೆ.

ಕೋಟೆ ಈಗ ಇಲ್ಲ. ದೊರೆಗೂ ಪಾರ್ಲಿಮೆಂಟಿಗೂ ನಡೆದ ಒಳಯುದ್ಧ ಮುಗಿದ ಮೇಲೆ 1652ರಲ್ಲಿ ಕ್ರಾಮ್‌ವೆಲ್ ಕಡೆಯವರು ಕೆಡವಿಸಿದರು. ಉಳಿದಿರುವುದು ದಿಬ್ಬ, ಕಂದಕ, ಅಲ್ಲಲ್ಲಿ ಗೋಡೆಯ ತುಂಡು, ನಡುವೆ ಹುಲ್ಲುಗಾವಲು. ಟಿಕೆಟ್ ಇಲ್ಲ. ಗೋಪುರ, ಬುರುಜು ಇಲ್ಲದಿದ್ದರೆ ಅದೇನು ಕೋಟೆ ಅನ್ನುವವರು ವಿಂಡ್ಸರ್‌ಗೇ ಹೋಗಲಿ, ತಪ್ಪಿಲ್ಲ.

ಸೇತುವೆ ನೀರಿಗಿಂತ ಎಷ್ಟೋ ಉದ್ದ. ನದಿ ಅಗಲ ಸ್ವಲ್ಪವೇ, ಆದರೆ ಮಳೆಗಾಲದಲ್ಲಿ ಎದುರಿನ ಗದ್ದೆಗೆಲ್ಲ ನೀರು ನುಗ್ಗುತ್ತದೆ ಅಂತ ಕಮಾನಿನ ಮೇಲೆ ಕಮಾನು ಸೇರಿಸಿ ಸುಮಾರು 900 ಅಡಿ ಎಳೆದಿದ್ದಾರೆ. ಕೆಳಗೆ ಇಳಿದು ನೋಡಿದರೆ ಕೆಲವು ಕಮಾನು ಚೂಪು, ಕೆಲವು ದುಂಡು. ಕೆಟ್ಟಾಗಲೆಲ್ಲ ಒಂದಿಷ್ಟು ರಿಪೇರಿ ಮಾಡುತ್ತ ಬಂದದ್ದು ಅಲ್ಲೇ ಕಾಣುತ್ತದೆ. ಹತ್ತಿರದ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಹದಿನೆಂಟನೇ ಶತಮಾನದ ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟೋನ್ ಸಮಾಧಿ ಇದೆ. ಕಾನೂನು ಓದಿದವರು ಮನೆಯಲ್ಲಿದ್ದರೆ ಆ ಹೆಸರು ಕೇಳಿ ನೆಟ್ಟಗಾಗುತ್ತಾರೆ. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ 1934ರಿಂದ 1976ರಲ್ಲಿ ತೀರಿಕೊಳ್ಳುವವರೆಗೂ ಊರಂಚಿನ ಮನೆಯನ್ನು ಇಟ್ಟುಕೊಂಡಿದ್ದರು. ಸಮಾಧಿ ಇರುವುದು ಚೋಲ್ಸಿಯ ಚರ್ಚಿನ ಆವರಣದಲ್ಲಿ. ಬರುವಾಗಲೋ ಹೋಗುವಾಗಲೋ ಸ್ಟೇಷನ್ನಿನಿಂದ ನಡೆದು ನೋಡಬಹುದು. ಕಂಚಿನ ಅಗಾಥಾ ಬೆಂಚಿನ ಮೇಲೆ ಕೂತಿರುವ ಪ್ರತಿಮೆ ವಾಲಿಂಗ್‌ಫರ್ಡ್ ಮ್ಯೂಸಿಯಂ ಹತ್ತಿರ 2023ರಲ್ಲಿ ಬಂತು. ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳದೆ ಯಾರೂ ಹೋಗುವುದಿಲ್ಲ.

ಕೊರತೆ ಇಲ್ಲದೆ ಇಲ್ಲ. ಮಳೆ ಹಿಡಿದರೆ ಹೋಗಿ ನಿಲ್ಲಲು ದೊಡ್ಡ ಜಾಗ ಇಲ್ಲ, ಮ್ಯೂಸಿಯಂ ಚಿಕ್ಕದು, ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ. ಕೋಟೆ ದಿಬ್ಬದಲ್ಲಿ ತಳ್ಳುಗಾಡಿ ಓಡುವುದಿಲ್ಲ.

ಕಿಂಗ್‌ಸ್ಟನ್: ಕಾರ್ಡ್ ಒತ್ತಿದರೆ ಆಯ್ತು

ಲಂಡನ್ನಿನ ಝೋನ್ 6. ವಾಟರ್‌ಲೂನಿಂದ ಅರ್ಧ ಗಂಟೆ, ಲಂಡನ್ನಿನ ಆಯ್ಸ್ಟರ್ ಕಾರ್ಡೇ ಸಾಕು, ಬೆಳಿಗ್ಗೆ ಹತ್ತಕ್ಕೆ ಎದ್ದರೂ ತಡ ಅಲ್ಲ. ಸ್ಯಾಕ್ಸನ್ ದೊರೆಗಳಿಗೆ ಇಲ್ಲಿ ಪಟ್ಟ ಕಟ್ಟುತ್ತಿದ್ದರು, 925ರಲ್ಲಿ ಅಥೆಲ್‌ಸ್ಟನ್‌ಗೂ ಇಲ್ಲೇ ಆಯಿತು. ಅದರ ನೆನಪಿನ ಬೂದು ಕಲ್ಲನ್ನು ರಸ್ತೆ ಪಕ್ಕ ಕಬ್ಬಿಣದ ಬೇಲಿಯೊಳಗೆ ಇಟ್ಟಿದ್ದಾರೆ. ಎರಡು ನಿಮಿಷದ ನೋಟ. 1628ರಲ್ಲಿ ಒಂದನೇ ಚಾರ್ಲ್ಸ್ ಏಳು ಮೈಲಿ ಸುತ್ತ ಬೇರೆ ಯಾರೂ ಸಂತೆ ಕೂಡಿಸಬಾರದು ಅಂತ ಈ ಊರಿಗೆ ಹಕ್ಕು ಬರೆದುಕೊಟ್ಟಿದ್ದ. ವ್ಯಾಪಾರ ಇವತ್ತಿಗೂ ಜೋರು, ಅದಕ್ಕೇ ಹಳೇ ಊರು ಅಂತ ಉಳಿದಿರುವುದು ಚೌಕ ಮತ್ತು ಅದರ ಸುತ್ತ ಒಂದಿಷ್ಟು. ಉಳಿದದ್ದು ಶಾಪಿಂಗ್. ಸಂತೆಯಲ್ಲಿ ನಾಲ್ಕಾರು ದೇಶದ ಬಿಸಿ ತಿಂಡಿ ಸಿಗುತ್ತದೆ, ಸಸ್ಯಾಹಾರಿಗಳಿಗೆ ಬೇರೆ ಮೂರಕ್ಕಿಂತ ಇಲ್ಲೇ ಹೊಟ್ಟೆ ತುಂಬುವುದು. ದೋಸೆಯೇ ಬೇಕು ಅಂದರೆ ಬಸ್ಸು ಹಿಡಿದು ಟೂಟಿಂಗ್‌ಗೆ ಬನ್ನಿ.

ಇದೇ ನದಿ ದಡದ ಇನ್ನೊಂದು ಊರು ಮಾರ್ಲೋ ಯಾಕಿಲ್ಲ ಅಂತ ಕೇಳುತ್ತೀರಿ. ಊರು ಚೆಂದ. 1832ರ ತೂಗುಸೇತುವೆ ಇನ್ನೂ ಚೆಂದ, ಕಟ್ಟಿದ ವಿಲಿಯಂ ಟಿಯರ್ನಿ ಕ್ಲಾರ್ಕನೇ ಬುಡಾಪೆಸ್ಟ್‌ನ ಚೈನ್ ಸೇತುವೆಗೂ ನಕ್ಷೆ ಹಾಕಿದವನು. ಆದರೆ ಸೇತುವೆ ನೋಡಿ ಮುಗಿದ ಮೇಲೆ ಉಳಿಯುವುದು ಹೋಟೆಲ್ಲು, ಅಂಗಡಿ. ಹೆನ್ಲಿಗೆ ಹೋದವರಿಗೆ ಮತ್ತೆ ಅದೇ ಅನುಭವ.

ದುಡ್ಡು, ಊಟ, ವಾಪಸ್ ದಾರಿ

ಮೂರು ಜನ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರೈಲಿನಲ್ಲಿ ಗ್ರೂಪ್‌ಸೇವ್ ಕೇಳಿ. ಮೂರರಿಂದ ಒಂಬತ್ತು ಜನ ಒಟ್ಟಿಗೆ, ನೂಕುನುಗ್ಗಲಿಲ್ಲದ ಹೊತ್ತಿನಲ್ಲಿ ಹೋದರೆ ಮೂರನೇ ಒಂದು ಭಾಗ ಕಡಿತ. ಊರ ಕಡೆಯ ಬಸ್ಸುಗಳಲ್ಲಿ ಒಂದು ಪಯಣಕ್ಕೆ 3 ಪೌಂಡ್ ಮೀರಬಾರದು ಅಂತ 2025ರ ಜನವರಿಯಿಂದ ಮಿತಿ ಹಾಕಿದ್ದಾರೆ, ಅಬಿಂಗ್ಡನ್ ವಾಲಿಂಗ್‌ಫರ್ಡ್‌ಗೆ ಹೋಗುವವರಿಗೆ ಇದು ಅನುಕೂಲ.

ಪಬ್ಬಿನಲ್ಲಿ ಊಟ ಮಾಡುವುದಾದರೆ ಒಂದೂವರೆ ಒಳಗೆ ಕೂತುಬಿಡಿ. ಎರಡೂವರೆ ಮೂರಕ್ಕೆ ಎಷ್ಟೋ ಕಡೆ ಅಡುಗೆಮನೆ ಮುಚ್ಚುತ್ತಾರೆ, ಮತ್ತೆ ಸಂಜೆಯೇ. ಸಸ್ಯಾಹಾರಿಗಳು ಚಿಪ್ಸ್ ಯಾವುದರಲ್ಲಿ ಕರಿದದ್ದು ಅಂತ ಕೇಳಿ, ಕೆಲವು ಕಡೆ ದನದ ಕೊಬ್ಬು ಬಳಸುತ್ತಾರೆ. ಬೇಯಿಸಿದ ಇಡೀ ಆಲೂಗಡ್ಡೆ ಸೀಳಿ ಬೆಣ್ಣೆ, ಚೀಸು, ಬೀನ್ಸ್ ಹಾಕಿಕೊಡುವುದು ಎಲ್ಲ ಊರಲ್ಲೂ ಸಿಗುತ್ತದೆ. ಉಪ್ಪಿನಕಾಯಿ ಪೊಟ್ಟಣ ಚೀಲದಲ್ಲಿ ಇಟ್ಟುಕೊಂಡಿರಿ.

ತಿಂಗಳ ವಿಷಯ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು. ಜುಲೈ ಮೂರನೇ ವಾರ ಸನ್‌ಬರಿಯಿಂದ ಅಬಿಂಗ್ಡನ್‌ವರೆಗೆ ಹಂಸಗಳ ಗಣತಿ ನಡೆಯುತ್ತದೆ. ಕೆಂಪು ಅಂಗಿ ತೊಟ್ಟ ರಾಜರ ಕಡೆಯವರು ದೋಣಿಯಲ್ಲಿ ಬಂದು ಮರಿಗಳನ್ನು ಹಿಡಿದು ತೂಗಿ, ಅಳೆದು ಬಿಡುತ್ತಾರೆ. ಹೆನ್ಲಿ, ವಾಲಿಂಗ್‌ಫರ್ಡ್, ಅಬಿಂಗ್ಡನ್ ಮೂರೂ ಆ ದಾರಿಯಲ್ಲೇ ಇವೆ, ಕಿಂಗ್‌ಸ್ಟನ್ ಇಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ದಡದ ಕಾಲುದಾರಿ ಕೆಸರು, ಕೆಲವೊಮ್ಮೆ ನೀರಲ್ಲೇ ಮುಳುಗಿರುತ್ತದೆ. ಆಗ ಕಿಂಗ್‌ಸ್ಟನ್ ಸಾಕು.

ಭಾನುವಾರ ರೈಲು ಹಳಿ ರಿಪೇರಿ ಅಂತ ನಡುವೆ ಬಸ್ಸಿಗೆ ಹತ್ತಿಸುವುದು ಮಾಮೂಲು, ಹಿಂದಿನ ರಾತ್ರಿಯೇ ಆ್ಯಪ್ ನೋಡಿ. ವಾಲಿಂಗ್‌ಫರ್ಡ್‌ಗೆ ಹೋದವರು ಬಸ್ಸು ಇಳಿದ ತಕ್ಷಣ ಎದುರಿನ ನಿಲ್ದಾಣದ ವೇಳಾಪಟ್ಟಿಯ ಫೋಟೋ ತೆಗೆದುಕೊಳ್ಳಿ. ಸಂಜೆಯ ಬಸ್ಸು ತಪ್ಪಿದರೆ ಚೋಲ್ಸಿಗೆ ಟ್ಯಾಕ್ಸಿ ಮಾಡಬೇಕು, ಶುಕ್ರವಾರ ಸಂಜೆ ಅದೂ ಸುಲಭಕ್ಕೆ ಸಿಗುವುದಿಲ್ಲ.